ಜೇಬಿನ ಕ್ಯಾಮೆರಾ, ಕೊರಳಿನ ಕ್ಯಾಮೆರಾ

ಫೋಟೋ ತೆಗೆಸಿಕೊಳ್ಳಲು ಬಂದವರಿಗೆ ಅವರು ಯಾವತ್ತೂ ‘ನಗಿ’ ಎಂದು ಹೇಳಿದವರಲ್ಲ. ಸ್ಟೂಲಿನ ಮೇಲೆ ಕೂರಿಸಿ, ಗಲ್ಲವನ್ನು ಎರಡು ಬೆರಳಿನಿಂದ ತುಸು ಈ ಕಡೆಗೆ ತಿರುಗಿಸಿ, ಹಿಂದೆ ಸರಿದು ನಿಂತು, ‘ಉಸಿರು ಬಿಡಿ’ ಎನ್ನುತ್ತಿದ್ದರು. ತಾವು ಉಸಿರು ಹಿಡಿದು ಕೂತಿದ್ದೇವೆ ಎಂದು ಜನಕ್ಕೆ ಆಗಲೇ ಗೊತ್ತಾಗುತ್ತಿದ್ದದ್ದು. ಉಸಿರು ಬಿಡುತ್ತಿದ್ದಂತೆ ಹೆಗಲು ಇಳಿಯುತ್ತಿತ್ತು, ಹುಬ್ಬು ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಫೋಟೋ ಆಗಿಹೋಗಿರುತ್ತಿತ್ತು. ಬಸ್ ಪಾಸಿಗೆಂದು ಬಂದ ಕಾಲೇಜು ಹುಡುಗಿಗೂ ಅದೇ, ಗಂಡಿನ ಕಡೆಯವರಿಗೆ ಕಳಿಸಬೇಕೆಂದು ರೇಷ್ಮೆ ಸೀರೆ ಉಡಿಸಿ ಕರೆತಂದವಳಿಗೂ ಅದೇ. ಆಂಧ್ರದ ಗಡಿ ಕಡೆಯಿಂದ ಬಂದ ಮುದುಕಿಯರಿಗೆ ಮಾತ್ರ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು.

ಗೌರಿಬಿದನೂರಿನ ಬಜಾರಿನಲ್ಲಿ, ಒಬ್ಬ ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ. ಡಿಗ್ರಿ ಮುಗಿಸಿ, ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನೂ ಮದುವೆ ಆಲ್ಬಂ ಜೋಡಿಸುವುದನ್ನೂ ಕಲಿತುಕೊಂಡು ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆರು ವರ್ಷ ಇದ್ದೆ. ಈಗ ಚಿಕ್ಕಬಳ್ಳಾಪುರದಲ್ಲಿ ನನ್ನದೇ ಒಂದು ಸ್ಟುಡಿಯೋ ಇದೆ. ಹೋದ ಕಾರ್ತೀಕದಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಆ ಟೈಲರೇ ಫೋನ್ ಮಾಡಿ ತಿಳಿಸಿದರು. ನಾನು ಆಗ ಶಿಡ್ಲಘಟ್ಟದ ಒಂದು ಛತ್ರದಲ್ಲಿದ್ದೆ. ಧಾರೆಗೆ ಇನ್ನು ಕಾಲು ಗಂಟೆ ಇತ್ತು. ಒಪ್ಪಿಕೊಂಡ ಮದುವೆಯನ್ನು ನಡುವೆ ಬಿಟ್ಟು ಏಳಬಾರದು ಎಂದು ಹೇಳಿಕೊಟ್ಟವರೇ ಅವರು. ಹಾಗಾಗಿ ಮಣ್ಣಿಗೆ ಹೋಗಲಾಗಲಿಲ್ಲ. ಅವತ್ತಿನ ಧಾರೆಯ ಚಿತ್ರಗಳಲ್ಲಿ ಎಷ್ಟೋ ಅಲ್ಲಾಡಿಹೋಗಿದ್ದವು.

ಅವರು ಎತ್ತರದ ಆಳಲ್ಲ. ಅರ್ಧ ತೋಳಿನ ಬಿಳಿ ಅಂಗಿ, ಅದರ ಎಡಗಡೆಯ ಜೇಬು ಯಾವಾಗಲೂ ಭಾರಕ್ಕೆ ಜೋತುಬಿದ್ದಿರುತ್ತಿತ್ತು. ಊರಿನಲ್ಲಿ ಅಣ್ಣತಮ್ಮಂದಿರು ಮುಸುಕಿನ ಜೋಳ ಬೆಳೆಯುತ್ತಿದ್ದರು, ಇವರ ಪಾಲಿನ ಹೊಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಭಾನುವಾರ ಇವರೂ ಹೋಗಿ ನೀರು ಕಟ್ಟಿ ಬರುತ್ತಿದ್ದರು. ಸೋಮವಾರ ಬೆಳಿಗ್ಗೆ ಉಗುರಿನ ಸಂದಿಯಲ್ಲಿ ಮಣ್ಣು ಉಳಿದಿದ್ದರೆ ಲೆನ್ಸ್ ಒರೆಸುವ ಕೆಲಸ ನನ್ನದು. ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರೂ ಅವರ ಹೆಂಡತಿಯೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಸ್ಟುಡಿಯೋದಲ್ಲಿ ಎರಡು ಕ್ಯಾಮೆರಾ ಇದ್ದವು. ಒಂದು ಡಿಎಸ್‌ಎಲ್‌ಆರ್, ಈ ಕಸುಬಿಗೆ ಬರುವವರೆಲ್ಲ ಮೊದಲು ಕೊಳ್ಳುವ ಬಗೆಯದು. ಕಪ್ಪಗೆ ದಪ್ಪಗೆ, ಪೆಟ್ಟಿಗೆಯ ಜೊತೆಗೇ ಬರುವ ಜೂಮ್ ಲೆನ್ಸು, ಅಗಲವಾದ ಪಟ್ಟಿ. ಕೊರಳಿಗೆ ಹಾಕಿಕೊಂಡು ಛತ್ರದೊಳಗೆ ಹೋದರೆ ಯಾರನ್ನೂ ಕೇಳಬೇಕಾಗಿಲ್ಲ, ಜನ ದಾರಿ ಬಿಡುತ್ತಾರೆ. ಇನ್ನೊಂದು ಅವರ ಜೇಬಿನದು. ಸೋಪಿನ ಡಬ್ಬಿಯಷ್ಟಿತ್ತು. ಬೆಂಗಳೂರಿನಲ್ಲಿ ಯಾರೋ ಬಳಸಿದ್ದನ್ನು ಕೊಂಡು ತಂದದ್ದು. ಅದಕ್ಕೆ ಜೂಮ್ ಇಲ್ಲ, ಲೆನ್ಸ್ ಬದಲಿಸುವ ಹಾಗಿಲ್ಲ, ಕಣ್ಣಿಟ್ಟು ನೋಡಲು ಕಿಂಡಿಯೂ ಇಲ್ಲ. ನಾನು ಸೇರಿದ ಮೊದಲ ವಾರ ಅದನ್ನು ನೋಡಿ, ಮಕ್ಕಳ ಆಟದ್ದಾ ಸಾರ್ ಎಂದು ಕೇಳಿದ್ದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

‘ಒಳಗೆ ಬೆಳಕು ಹಿಡಿಯೋ ತಟ್ಟೆ ಒಂದಿರುತ್ತಲ್ಲಮ್ಮ, ಸೆನ್ಸರ್ ಅಂತಾರೆ, ಅದು ಎರಡ್ರಲ್ಲೂ ಒಂದೇ ಅಳತೆ. ಮಳೇಲಿ ಪಾತ್ರೆ ಇಟ್ಟಂಗೆ. ಲೋಟ ಇಟ್ರೆ ಲೋಟದಷ್ಟು ನೀರು, ಬೋಗುಣಿ ಇಟ್ರೆ ಬೋಗುಣಿಯಷ್ಟು. ಮೊಬೈಲು ಲೋಟ. ಇವೆರಡೂ ಬೋಗುಣಿನೇ. ಒಂದರ ಸುತ್ತ ಮನೆ ದೊಡ್ಡದಾಗಿ ಕಟ್ಟವ್ರೆ, ಅಷ್ಟೇ.’

ಬಾಯಿಮಾತಿಗೆ ನಾನು ಒಪ್ಪುವವಳಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಕೆಳಗಿನಿಂದ ಟೈಲರನ್ನು ಕರೆಸಿ ಕಿಟಕಿಯ ಬಳಿ ಕೂರಿಸಿದರು. ಒಂದೇ ಬೆಳಕಿನಲ್ಲಿ ಎರಡೂ ಕ್ಯಾಮೆರಾದಿಂದ ಒಂದೊಂದು ಚಿತ್ರ ತೆಗೆದು, ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಯಾವುದು ಯಾವುದೆಂದು ಬರೆಯದೆ ಗೋಡೆಗೆ ಅಂಟಿಸಿದರು. ಬಂದ ಗಿರಾಕಿಗಳನ್ನೆಲ್ಲ ಯಾವುದು ಚೆನ್ನಾಗಿದೆ ಎಂದು ಕೇಳುವುದು. ಒಂದು ತಿಂಗಳು ಹೀಗೇ ನಡೆಯಿತು. ಹೆಚ್ಚಿನವರು ತೋರಿಸಿದ್ದು ಜೇಬಿನ ಕ್ಯಾಮೆರಾದ ಚಿತ್ರವನ್ನು. ಅದರಲ್ಲಿ ಟೈಲರ್ ತನ್ನ ಪಾಡಿಗೆ ತಾನು ಕೂತಂತೆ ಇದ್ದರು. ಇನ್ನೊಂದರಲ್ಲಿ ದೇವರ ಮುಂದೆ ನಿಂತವರ ಹಾಗೆ. ಯಾವುದರಿಂದ ತೆಗೆದದ್ದೆಂದು ಹೇಳಿದಾಗ ಗಿರಾಕಿಗಳು ಆಶ್ಚರ್ಯಪಟ್ಟು, ಇನ್ನೊಮ್ಮೆ ಹತ್ತಿರ ಹೋಗಿ ನೋಡಿ, ಆಮೇಲೆ ಹೇಳುತ್ತಿದ್ದದ್ದು ಒಂದೇ ಮಾತು: ಅದೇನೋ ಸರಿ, ಮದುವೆಗೆ ಮಾತ್ರ ದೊಡ್ಡದನ್ನೇ ತನ್ನಿ.

ದೊಡ್ಡದರ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. ಅದು ಬೆಳಗಿನಿಂದ ಸಂಜೆಯವರೆಗೆ ಒಂದೇ ಬ್ಯಾಟರಿಯಲ್ಲಿ ದುಡಿಯುತ್ತದೆ, ಓಡುವ ಮಗುವನ್ನೂ ಹಿಡಿಯುತ್ತದೆ, ಛತ್ರದ ಕೊನೆಯಲ್ಲಿ ನಿಂತು ತಾಳಿಯ ಗಂಟನ್ನು ಹತ್ತಿರಕ್ಕೆ ಎಳೆಯುತ್ತದೆ ಎನ್ನುತ್ತಿದ್ದರು. ಚಿಕ್ಕದು ಮಧ್ಯಾಹ್ನದೊಳಗೆ ಉಪವಾಸ ಬೀಳುತ್ತದೆ. ಕತ್ತಲೆಯಲ್ಲಿ ಫೋಕಸ್ ಹುಡುಕುತ್ತಾ ತಡಕಾಡುತ್ತದೆ. ದೂರದ್ದು ಬೇಕೆಂದರೆ ನಾವೇ ನಡೆದು ಹೋಗಬೇಕು. ‘ಆದ್ರೆ ನಡೆದು ಹೋದ್ರೆ ಮಾತಾಡಿಸಬೇಕಾಗುತ್ತೆ ಕಣಮ್ಮ. ಅಲ್ಲೇ ವ್ಯತ್ಯಾಸ’ ಎಂದು ಒಮ್ಮೆ ಹೇಳಿದರು.

ಜಂಗಮಕೋಟೆಯ ಒಬ್ಬ ರೈತರು ತಮ್ಮ ರೇಷ್ಮೆ ಹುಳದ ಮನೆಯ ಫೋಟೋ ಬೇಕೆಂದು ಕರೆಸಿಕೊಂಡಿದ್ದರು. ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುವ ದಿನ. ಹುಳದ ಮನೆಗೆ ಹೊರಗಿನವರನ್ನು ಸುಲಭಕ್ಕೆ ಬಿಡುವುದಿಲ್ಲ. ಕಾಲು ತೊಳೆದು, ಕೈಗೆ ಔಷಧದ ನೀರು ಹಾಕಿಕೊಂಡು ಒಳಗೆ ಹೋದೆವು. ಒಳಗೆ ನಸುಗತ್ತಲೆ. ರೈತರು ಮೊದಲೇ ಫ್ಲಾಶ್ ಹಾಕಬೇಡಿ ಎಂದಿದ್ದರು. ನಾನು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳೆಲ್ಲ ಕಾಳುಕಾಳಾಗಿ ಬಂದವು. ಅದರ ಜೊತೆ ಬರುವ ಲೆನ್ಸಿನ ಬಾಯಿ ಕಿರಿದು, ಬೆಳಕು ಸಾಲಲಿಲ್ಲ. ಅವರು ತಮ್ಮ ಅಗಲ ಬಾಯಿಯ ಸೋಪಿನ ಡಬ್ಬಿಯನ್ನು ತೆಗೆದು, ಮೊಣಕಾಲೂರಿ, ಆ ರೈತರ ತಾಯಿ ಹುಳು ಆಯುತ್ತಿದ್ದ ಕೈಗಳನ್ನು ತೆಗೆದರು. ಸದ್ದೇ ಆಗಲಿಲ್ಲ. ಆಕೆಗೆ ಫೋಟೋ ತೆಗೆದದ್ದೂ ತಿಳಿಯಲಿಲ್ಲ. ಪ್ರಿಂಟ್ ಕೊಟ್ಟಾಗ ಆಕೆ ಬಹಳ ಹೊತ್ತು ನೋಡಿ, ನನ್ನ ಕೈ ಇಷ್ಟೊಂದು ಮುದಿಯಾಗಿದೆಯೇ ಎಂದು ಮಗನನ್ನು ಕೇಳಿದರಂತೆ. ಅದನ್ನು ಕೇಳಿದ ಮೇಲೆ ಇವರು ಎರಡು ದಿನ ಸಪ್ಪಗಿದ್ದರು.

ಚಿಂತಾಮಣಿಯ ಒಂದು ಮದುವೆಯಲ್ಲಿ ಆದದ್ದು ಬೇರೆ. ದೊಡ್ಡ ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಇವರು, ಮದುವಣಗಿತ್ತಿಯೂ ಅವಳ ತಾಯಿಯೂ ಕೂತಿದ್ದ ಕೋಣೆಯ ಬಾಗಿಲಲ್ಲಿ ಚಿಕ್ಕದನ್ನು ಹಿಡಿದು ನಿಂತಿದ್ದರು. ಹೆಣ್ಣಿನ ಸೋದರಮಾವ ಬಂದು, ಇದೇನು ಮೊಬೈಲಿನಲ್ಲಿ ತೆಗೆಯುತ್ತಿದ್ದೀರಾ, ಇದಕ್ಕಾ ನಿಮ್ಮನ್ನು ಕರೆಸಿದ್ದು ಎಂದು ನಾಲ್ಕು ಜನರ ಮುಂದೆ ದಬಾಯಿಸಿದರು. ಇವರು ನನ್ನ ಕೊರಳಿನ ಕ್ಯಾಮೆರಾ ಇಸಿದುಕೊಂಡು ತಮ್ಮ ಕೊರಳಿಗೆ ಹಾಕಿಕೊಂಡರು. ಆಲ್ಬಂ ಒಪ್ಪಿಸಿದಾಗ ಆ ಮನೆಯವರು ದೊಡ್ಡದು ಮಾಡಿ ಕೊಡಿ ಎಂದು ಆರಿಸಿಕೊಂಡದ್ದು ತಾಯಿ ಮಗಳ ಆ ಒಂದೇ ಚಿತ್ರವನ್ನು. ಅದು ಯಾವ ಕ್ಯಾಮೆರಾದ್ದೆಂದು ಇವರು ಹೇಳಲಿಲ್ಲ. ಹೇಳಿ ಸಾರ್ ಎಂದು ನಾನೇ ಎಷ್ಟು ಒತ್ತಾಯ ಮಾಡಿದರೂ ಕೇಳಲಿಲ್ಲ.

ಹಠ ಅವರಲ್ಲಿ ಬೇರೆ ವಿಷಯಕ್ಕೆ ಇತ್ತು. ಮುಖದ ಬಣ್ಣ ಬಿಳುಪು ಮಾಡುತ್ತಿರಲಿಲ್ಲ, ನನಗೂ ಮಾಡಲು ಬಿಡುತ್ತಿರಲಿಲ್ಲ. ಅದರಿಂದ ಎಷ್ಟು ಮದುವೆಗಳು ಪಕ್ಕದ ಬೀದಿಯ ಸ್ಟುಡಿಯೋಗೆ ಹೋದವೋ. ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗಿ ಮದುವೆಯ ಆಲ್ಬಮಿನಲ್ಲಿ ತಂದೆಯೂ ಪಕ್ಕದಲ್ಲಿ ನಿಂತಿರುವಂತೆ ಮಾಡಿಕೊಡಿ ಎಂದು ಅತ್ತುಕೊಂಡು ಕೇಳಿದಾಗ ಮಾತ್ರ ಒಪ್ಪಿದರು. ನಾನು ಎರಡು ದಿನ ಕೂತು ಬೆಳಕು, ನೆರಳು ಎಲ್ಲ ಹೊಂದಿಸಿದೆ. ಚೆನ್ನಾಗಿ ಬಂದಿತ್ತು. ಇವರು ಅದನ್ನು ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಎರಡು ಚಿತ್ರ ಸೇರಿಸಿದ್ದು’ ಎಂದು ಬರೆದು ಕೊಟ್ಟರು. ಹುಡುಗಿಯ ತಾಯಿ ಅದನ್ನು ಓದಿ, ‘ಇಷ್ಟು ಮಾಡಿಕೊಟ್ಟು ಇದೊಂದು ಬರೀದೇ ಇರಬೌದಾಗಿತ್ತಲ್ಲಪ್ಪ’ ಎಂದರು. ನನಗೂ ಹಾಗೇ ಅನ್ನಿಸಿತು.

ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುವುದು ಅವರ ಹಳೆಯ ರೂಢಿ. ರೀಲಿನ ಕಾಲದಿಂದ ಬಂದದ್ದು. ಪ್ರತಿ ಪ್ರಿಂಟಿನ ಹಿಂದೆ ತಾರೀಕು, ಊರು. ಹಾಗಾಗಿಯೇ ಕ್ಯಾಮೆರಾದ ಒಳಗಿನ ಗಡಿಯಾರದ ಬಗ್ಗೆ ಅವರಿಗೆ ಲಕ್ಷ್ಯವಿರಲಿಲ್ಲ. ಚಿಕ್ಕ ಕ್ಯಾಮೆರಾದ ಬ್ಯಾಟರಿ ಪೂರ್ತಿ ಇಳಿದು ಒಂದೆರಡು ದಿನ ಹಾಗೇ ಬಿದ್ದಿದ್ದರೆ ಅದರ ಗಡಿಯಾರ ಅಳಿಸಿಹೋಗಿ, ಅದು ತಯಾರಾದ ವರ್ಷದ ಜನವರಿ ಒಂದಕ್ಕೆ ಹಿಂತಿರುಗುತ್ತಿತ್ತು. ಮತ್ತೆ ಚಾಲೂ ಮಾಡಿದಾಗ ತಾರೀಕು ಕೊಡಿ ಎಂದು ಕೇಳುತ್ತಿತ್ತು. ಅವರು ಬೇಡ ಎಂದು ಒತ್ತಿ ಮುಂದೆ ಹೋಗುತ್ತಿದ್ದರು. ದೊಡ್ಡ ಕ್ಯಾಮೆರಾ ನನ್ನ ವಶದಲ್ಲಿತ್ತು, ಅದರ ಗಡಿಯಾರವನ್ನು ನಾನು ನಿಮಿಷಕ್ಕೆ ಸರಿಯಾಗಿ ಇಟ್ಟಿದ್ದೆ. ಚಿಕ್ಕದಕ್ಕೂ ಹಾಕಿಕೊಡುತ್ತೇನೆ ಎಂದು ಎರಡು ಮೂರು ಸಲ ಕೇಳಿದ್ದೇನೆ. ಆಮೇಲೆ ನೋಡೋಣ ಎನ್ನುತ್ತಿದ್ದರು. ನಾನೂ ಬಿಟ್ಟುಬಿಟ್ಟೆ.

ಕುಡುಮಲಕುಂಟೆಯ ಕಡೆ ಒಂದು ಕಾರ್ಖಾನೆ, ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವಂಥದ್ದು. ಸುರಕ್ಷತೆಯ ಕಾರ್ಯಕ್ರಮವೆಂದು ಫೋಟೋ ತೆಗೆಯಲು ನಮ್ಮನ್ನು ಕರೆಸಿದ್ದರು. ದೊಡ್ಡ ಕ್ಯಾಮೆರಾ ತರಬೇಕೆಂದು ಮೊದಲೇ ಹೇಳಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ನಾನು ಒಳಗಿನ ಸಾಲು ಯಂತ್ರಗಳನ್ನೆಲ್ಲ ತೆಗೆದೆ. ಪ್ರತಿ ಯಂತ್ರದ ಬಾಯಿಗೂ ಕೈ ಒಳಗೆ ಹೋಗದಂತೆ ಹಳದಿ ಬಣ್ಣದ ಜಾಲರಿ ಹಾಕಿತ್ತು. ಕೆಲಸದವರೆಲ್ಲ ಹೊಸ ಕೈಗವಸು ತೊಟ್ಟಿದ್ದರು. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದರು, ಅಧಿಕಾರಿಗಳು ಗಿಡ ನೆಡುವುದನ್ನೂ ಭಾಷಣವನ್ನೂ ತೆಗೆಯಲು. ಇವರು ಒಳಗೇ ಉಳಿದರು.

ಮಧ್ಯಾಹ್ನ ಊಟದ ಗಂಟೆಯಾಗುವ ಮುಂಚೆ ಒಬ್ಬ ಹೆಣ್ಣುಮಗಳು ಇವರನ್ನು ಕೇಳಿದಳಂತೆ, ಅಣ್ಣ, ನನ್ನದೊಂದು ತೆಗೆಯಿರಿ, ನಮ್ಮಮ್ಮ ನಾನು ಕೆಲಸ ಮಾಡುವ ಜಾಗ ನೋಡಿಯೇ ಇಲ್ಲ ಎಂದು. ಮಂಚೇನಹಳ್ಳಿ ಕಡೆಯ ಹಳ್ಳಿಯವಳು, ಗುತ್ತಿಗೆಯ ಮೇಲೆ ಕೆಲಸಕ್ಕೆ ಬಂದವಳು. ಇವರು ಹತ್ತಿರ ಹೋಗಿ, ಮಾತಾಡಿಸಿ, ಜೇಬಿನಿಂದ ಕ್ಯಾಮೆರಾ ತೆಗೆದು, ಉಸಿರು ಬಿಡಮ್ಮ ಎಂದಿದ್ದಾರೆ. ಅವಳು ಯಂತ್ರದ ಮೇಲೆ ಬಲಗೈ ಇಟ್ಟು ನಿಂತಿದ್ದಾಳೆ. ಒಂದು ವಾರದ ಮೇಲೆ ಪ್ರಿಂಟ್ ಮಾಡಿ, ಹಿಂದೆ ತಾರೀಕು ಬರೆದು, ಬಸ್ ಸ್ಟ್ಯಾಂಡಿನಲ್ಲಿ ಅವಳ ಗಂಡನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಕಂಪ್ಯೂಟರಿನಲ್ಲಿ ಒಂದು ಸಲ ನೋಡಿದ್ದೆ. ಒಳ್ಳೆಯ ಚಿತ್ರ ಎಂದಷ್ಟೇ ಅನ್ನಿಸಿತ್ತು.

ಎರಡು ತಿಂಗಳು ಕಳೆದು ಆ ಗಂಡ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದ. ಕೂರಲಿಲ್ಲ. ಹೆಂಡತಿಯ ಬಲಗೈ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋಗಿವೆ ಎಂದ. ಜಾಲರಿಯನ್ನು ಅವಳೇ ಬಿಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು, ಅದಕ್ಕೆ ನಾವು ಹೊಣೆಯಲ್ಲ ಎಂದು ಕಾರ್ಖಾನೆಯವರು ಹೇಳುತ್ತಿದ್ದಾರೆ ಎಂದ. ಅವಳ ಪ್ರಕಾರ ಜಾಲರಿ ಹಾಕುತ್ತಿದ್ದದ್ದು ಯಾರಾದರೂ ನೋಡಲು ಬರುವ ದಿನ ಮಾತ್ರ. ಬಂದವರು ಅಂಗಳಕ್ಕೆ ಹೋಗುತ್ತಿದ್ದಂತೆ, ಮುಚ್ಚಳಗಳು ಬೇಗ ಬೇಗ ಬೀಳಲಿ ಎಂದು ಮೇಸ್ತ್ರಿಯೇ ಬಿಚ್ಚಿಸುತ್ತಿದ್ದ. ಅವನು ಅಂಗಿಯ ಒಳಗಿನಿಂದ ಆ ಪ್ರಿಂಟನ್ನು ತೆಗೆದು ಮೇಜಿನ ಮೇಲೆ ಇಟ್ಟ. ಆಗ ನಾವಿಬ್ಬರೂ ಸರಿಯಾಗಿ ನೋಡಿದೆವು. ಅವಳು ಕೈಯಿಟ್ಟು ನಿಂತಿದ್ದ ಯಂತ್ರದ ಬಾಯಿ ತೆರೆದೇ ಇತ್ತು. ಹಿಂದಿನ ಎರಡು ಯಂತ್ರಗಳದೂ ತೆರೆದಿತ್ತು. ಜಾಲರಿಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು.

ಪರಿಹಾರದ ಅರ್ಜಿಗೆ ಚಿಕ್ಕಬಳ್ಳಾಪುರದಲ್ಲಿ ವಿಚಾರಣೆಯಿತ್ತು. ಆ ಗಂಡ ಹೆಂಡತಿಯ ಕಡೆಯ ವಕೀಲರು ಕಂಪ್ಯೂಟರಿನಲ್ಲಿರುವ ಮೂಲ ಚಿತ್ರವೇ ಬೇಕು, ಅದರಲ್ಲಿ ತಾರೀಕು, ಗಂಟೆ ಎಲ್ಲ ದಾಖಲಾಗಿರುತ್ತದೆ ಎಂದು ಹೇಳಿ ಕಳಿಸಿದ್ದರು. ಕಾರ್ಯಕ್ರಮದ ಆ ದಿನ ಯಾವ ಯಂತ್ರವೂ ದುರಸ್ತಿಗೆ ನಿಂತಿರಲಿಲ್ಲ ಎಂದು ಕಾರ್ಖಾನೆಯ ಪುಸ್ತಕದಲ್ಲೇ ಬರೆದಿತ್ತು, ದುರಸ್ತಿಗೆಂದು ಜಾಲರಿ ಬಿಚ್ಚಿದ್ದೆವು ಎನ್ನುವಂತಿರಲಿಲ್ಲ. ಹಾಗಾಗಿ ಚಿತ್ರ ಆ ದಿನದ್ದೇ ಎಂದು ತೋರಿಸಿದರೆ ಸಾಕಿತ್ತು. ನಾನು ಚಿತ್ರವನ್ನು ತೆರೆದು ತಾರೀಕು ನೋಡಿದೆ. ಎಷ್ಟೋ ವರ್ಷದ ಹಿಂದಿನ ಜನವರಿ ಒಂದು. ಆ ವರ್ಷ ಅವಳು ಕಾರ್ಖಾನೆಯ ಮುಖವನ್ನೇ ನೋಡಿರಲಿಲ್ಲ.

ಅವಳ ಗಂಡ ಹೊರಟುಹೋದ ಮೇಲೆ ನಾನು ಅವರಿಗೆ ಹೇಳಿದೆ. ‘ಸಾರ್, ತಾರೀಕು ತಿದ್ದಬೌದು. ಎರಡು ನಿಮಿಷದ ಕೆಲಸ. ಸುಳ್ಳೇನೂ ಅಲ್ವಲ್ಲ, ನಿಜವಾದ ತಾರೀಕೇ ಹಾಕ್ತೀವಿ.’

ಅವರು ಕೇಳಿದ್ದು ಒಂದೇ: ತಿದ್ದಿದ್ದು ಯಾರಿಗಾದರೂ ಗೊತ್ತಾಗುತ್ತದೆಯೇ? ಗೊತ್ತಾಗದ ಹಾಗೆ ಮಾಡಬಹುದು ಎಂದೆ. ನಾಳೆ ಹೇಳುತ್ತೇನೆ ಎಂದು ಬೇಗ ಬಾಗಿಲು ಹಾಕಿಸಿದರು. ಮರುದಿನ ಬೆಳಿಗ್ಗೆ ಬಂದವರು ಜೇಬಿಗೆ ಕೈ ಹಾಕಿಕೊಂಡು ಕಿಟಕಿಯ ಬಳಿ ನಿಂತೇ ಹೇಳಿದರು.

‘ಬೇಡಮ್ಮ. ನಾಳೆ ಪ್ರಮಾಣ ಮಾಡಿಸಿ, ಇದನ್ನ ಮುಟ್ಟಿದ್ದೀಯಾ ಅಂತ ಕೇಳ್ತಾರೆ. ಇಲ್ಲ ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಬಾಯಿ ತಡವರಿಸಿದ್ರೆ ಇರೋ ಸತ್ಯಾನೂ ಹೋಗುತ್ತೆ. ಇದ್ದಂಗೆ ಕೊಡಣ. ಗಡಿಯಾರ ಕೆಟ್ಟಿತ್ತು ಅಂತ ಹೇಳಣ. ನಂಬ್ತಾರೆ.’

ವಿಚಾರಣೆಗೆ ನಾನೂ ಹೋಗಿದ್ದೆ. ಕಾರ್ಖಾನೆಯ ವಕೀಲರು ಕೂಗಾಡಲಿಲ್ಲ, ಬಹಳ ಮರ್ಯಾದೆಯಿಂದಲೇ ಕೇಳಿದರು. ಮೊದಲು ಅವರು ಮೇಜಿನ ಮೇಲೆ ಇಟ್ಟದ್ದು ನಾನು ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು. ತಾರೀಕು, ಗಂಟೆ, ನಿಮಿಷ, ಎಲ್ಲ ಸರಿಯಾಗಿತ್ತು. ಯಂತ್ರಯಂತ್ರಕ್ಕೂ ಹಳದಿ ಜಾಲರಿ ಹೊಳೆಯುತ್ತಿತ್ತು. ಇವು ನಿಮ್ಮ ಸ್ಟುಡಿಯೋದವೇ ತಾನೆ ಎಂದು ಕೇಳಿದರು. ನಮ್ಮವೇ ಎಂದರು ಇವರು. ಆ ಕ್ಯಾಮೆರಾದ ಗಡಿಯಾರ ಸರಿಯಿದೆಯಲ್ಲವೇ? ಇದೆ. ಈ ಇನ್ನೊಂದು ಕ್ಯಾಮೆರಾದ್ದು? ಇಲ್ಲ. ಹಾಗಾದರೆ ಈ ಚಿತ್ರ ಯಾವುದೋ ದುರಸ್ತಿಯ ದಿನ ತೆಗೆದಿರಬಹುದಲ್ಲವೇ? ಇಲ್ಲ ಸ್ವಾಮಿ, ಅದೇ ದಿನ, ಹಿಂದೆ ಬರೆದಿದ್ದೀನಿ ನೋಡಿ ಎಂದು ಇವರು ಪ್ರಿಂಟನ್ನು ತಿರುಗಿಸಿ ತೋರಿಸಿದರು. ವಕೀಲರು ಅದನ್ನು ಓದಿ, ಪೆನ್ಸಿಲಿನಲ್ಲಿ ಯಾರು ಯಾವಾಗ ಬೇಕಾದರೂ ಬರೆಯಬಹುದು ಎಂದು ಮೆಲ್ಲಗೆ ಹೇಳಿ ವಾಪಸ್ಸು ಇಟ್ಟರು.

ಅವಳ ಪಕ್ಕದ ಯಂತ್ರಗಳ ಇಬ್ಬರು ಹೆಂಗಸರು ಬಂದಿದ್ದರು. ಜಾಲರಿ ದಿನಾಲೂ ಇರುತ್ತಿತ್ತು ಎಂದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅವರಿಗೂ ಮನೆಯಿತ್ತು, ಮಕ್ಕಳಿದ್ದರು. ನಾನು ಆ ಹೊತ್ತು ಅಂಗಳದಲ್ಲಿದ್ದೆ, ಒಳಗೆ ನಡೆದದ್ದನ್ನು ಕಂಡವಳಲ್ಲ. ನನ್ನ ಸಾಕ್ಷಿಗೆ ಬೆಲೆಯಿರಲಿಲ್ಲ. ವಿಚಾರಣೆ ಮಾಡುತ್ತಿದ್ದ ಅಧಿಕಾರಿ ಕೆಟ್ಟವರಲ್ಲ. ಎದ್ದು ಹೋಗುವ ಮುಂಚೆ ಇವರನ್ನು ಕರೆದು, ನಿಮ್ಮ ಮಾತನ್ನು ನಾನು ನಂಬುತ್ತೇನೆ, ಕಾಗದ ನಂಬಬೇಕಲ್ಲ ಎಂದರು.

ಜಾಲರಿ ಬಿಚ್ಚಿದ್ದು ಅವಳ ತಪ್ಪೇ ಎಂದು ತೀರ್ಪಾಯಿತು. ಆಸ್ಪತ್ರೆಯ ಖರ್ಚು ಬಿಟ್ಟರೆ ಬೇರೇನೂ ಸಿಗಲಿಲ್ಲ. ಮೇಲಿನ ಕೋರ್ಟಿಗೆ ಹೋಗುವ ಶಕ್ತಿ ಆ ಮನೆಗೆ ಇರಲಿಲ್ಲ.

ತೀರ್ಪಿನ ಮರುದಿನ ಬೆಳಿಗ್ಗೆ ಅವರು ಚಿಕ್ಕ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಅದರ ಗಡಿಯಾರ ಸರಿಮಾಡಿದರು. ನನ್ನನ್ನು ಏನೂ ಕೇಳಲಿಲ್ಲ. ಮಾಡಿ ಮುಗಿಸಿ ಡ್ರಾಯರಿನೊಳಗೆ ಇಟ್ಟರು. ಅದರಿಂದ ಮತ್ತೆ ಒಂದೂ ಚಿತ್ರ ತೆಗೆಯಲಿಲ್ಲ. ಆದರೆ ಪ್ರತಿ ಸೋಮವಾರ ಹೊರಗೆ ತೆಗೆದು, ಬ್ಯಾಟರಿ ತುಂಬಿಸಿ, ಚಾಲೂ ಮಾಡಿ, ತಾರೀಕು ಸರಿಯಿದೆಯೇ ಎಂದು ಗೋಡೆಯ ಕ್ಯಾಲೆಂಡರಿನ ಜೊತೆ ಹೋಲಿಸಿ ನೋಡಿ ಮತ್ತೆ ಒಳಗಿಡುತ್ತಿದ್ದರು. ನಾನು ನೋಡದ ಹಾಗೆ ಇರುತ್ತಿದ್ದೆ. ಕೆಳಗಿನ ಟೈಲರ್ ಒಂದು ದಿನ, ಯಾಕಣ್ಣ ಜೇಬು ಖಾಲಿ ಎಂದು ಕೇಳಿದಾಗ, ಅಂಗಿ ಹರಿದುಹೋಗುತ್ತೆ ಎಂದರು.

ಕಾರ್ಖಾನೆಗಳಿಂದ ಕರೆ ನಿಂತಿತು. ಮದುವೆಗಳಿಗೆ ಕೊರಳಿನ ಕ್ಯಾಮೆರಾ ಹಾಕಿಕೊಂಡು ಹೋಗಿ, ಹೇಳಿದ ಕಡೆ ನಿಂತು, ಹೇಳಿದ್ದನ್ನು ತೆಗೆದು ಬರುತ್ತಿದ್ದರು. ದೂರದಲ್ಲೇ ನಿಂತು ಜೂಮ್ ಮಾಡುತ್ತಿದ್ದರು. ‘ಉಸಿರು ಬಿಡಿ’ ಎನ್ನುವುದು ಕಡಿಮೆಯಾಯಿತು. ಒಮ್ಮೆ ನಂದಿಯ ಹತ್ತಿರ, ಮದುವೆಗೆ ಮುಂಚಿನ ಫೋಟೋ ಎಂದು ಗಂಡು ಹೆಣ್ಣನ್ನು ದ್ರಾಕ್ಷಿ ತೋಟದಲ್ಲಿ ನಿಲ್ಲಿಸಿದ್ದೆವು. ಮುಖ ಬೆಳ್ಳಗೆ ಮಾಡಿಕೊಡುತ್ತೀರಲ್ಲ ಎಂದು ಹುಡುಗ ಕೇಳಿದ. ಮಾಡಿಕೊಡುತ್ತಾಳೆ ಎಂದು ನನ್ನ ಕಡೆ ಕೈ ತೋರಿಸಿದರು. ಅವರ ಬಾಯಿಂದ ಆ ಮಾತು ಕೇಳಿದ ದಿನವೇ ಇಲ್ಲಿ ಇನ್ನು ಹೆಚ್ಚು ದಿನ ಇರಲಾರೆ ಎಂದು ನನಗೆ ಅನ್ನಿಸಿತು. ಮುಂದಿನ ವರ್ಷ ನನ್ನ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ.

ಅಲ್ಲಿಗೆ ಅವರು ಒಂದೇ ಸಲ ಬಂದಿದ್ದರು. ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದವರು ಮಧ್ಯಾಹ್ನ ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಅಂಗಿ ಸಡಿಲವಾಗಿತ್ತು, ಕುತ್ತಿಗೆ ಸಣ್ಣಗಾಗಿತ್ತು. ನನ್ನ ಹೊಸ ಕ್ಯಾಮೆರಾವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದರು. ಹೊರಡಲು ಎದ್ದವರು ಮತ್ತೆ ಕೂತರು.

‘ಅವತ್ತು ನೀನ್ ಹೇಳ್ದಂಗೆ ಮಾಡಿದ್ರೆ ಆಗ್ತಿತ್ತೇನಮ್ಮ?’

ಯಾವತ್ತು ಎಂದು ಕೇಳಬೇಕಾಗಿರಲಿಲ್ಲ. ‘ಇಲ್ಲ ಸಾರ್, ಕಂಡುಹಿಡೀತಿದ್ರು’ ಎಂದೆ.

‘ಉಹ್ಞೂಂ’ ಎಂದರು. ‘ಯಾರೂ ಕಂಡುಹಿಡೀತಿರಲಿಲ್ಲ. ನಂಗೆ ನನ್ನ ಬಾಯಿ ಮೇಲೆ ಭಯ ಇತ್ತು. ಅವಳ ಕೈ ಬಗ್ಗೆ ಅವತ್ತು ಅಷ್ಟು ಯೋಚನೆ ಮಾಡಲಿಲ್ಲ.’

ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋಗಿ ಹತ್ತಿಸಿ ಬಂದೆ. ಆಮೇಲೆ ಎಂಟು ತಿಂಗಳಿಗೆ ಟೈಲರ್ ಫೋನ್ ಮಾಡಿದ್ದು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಅವರ ಊರಿಗೆ ಹೋದೆ. ಜನ ಹೆಚ್ಚಿರಲಿಲ್ಲ. ಊಟದ ಪಂಕ್ತಿಯ ಕೊನೆಯಲ್ಲಿ ಒಬ್ಬಳು ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದಳು. ಚಿತ್ರದಲ್ಲೂ ವಿಚಾರಣೆಯಲ್ಲೂ ನೋಡಿದ್ದ ಮುಖ, ಗುರುತು ಸಿಕ್ಕಿತು. ಊಟವಾದ ಮೇಲೆ ಅವಳೇ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಳು. ಈಗ ಊರಲ್ಲೇ ಎರಡು ಹಸು ಕಟ್ಟಿದ್ದಾಳಂತೆ. ಹಾಲು ಕರೆಯುವುದು ಮಾತ್ರ ಗಂಡ.

ಎಷ್ಟೋ ವರ್ಷದಿಂದ ನನ್ನೊಳಗಿದ್ದದ್ದನ್ನು ಅವಳಿಗೆ ಹೇಳಿಬಿಡಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

‘ತೀರ್ಪಾಗಿ ಮೂರನೇ ದಿನಕ್ಕೆ ನಮ್ಮನೆಗೆ ಬಂದಿದ್ರಕ್ಕ. ಒಬ್ರೇ. ತಾರೀಕು ತಿದ್ದಬೌದಾಗಿತ್ತು, ನಾನೇ ಬೇಡ ಅಂದೆ, ಬೈಯೋದಾದ್ರೆ ಬೈದುಬಿಡಮ್ಮ ಅಂದ್ರು.’

ತಿದ್ದುವುದು ಗೊತ್ತಿದ್ದದ್ದು ನನಗೆ, ಹೇಳಿದ್ದೂ ನಾನು ಎಂಬುದನ್ನು ಅವರು ಅವಳಿಗೆ ತಿಳಿಸಿರಲಿಲ್ಲ. ನೀನು ಏನಂದೆ ಎಂದು ಕೇಳಿದೆ.

‘ಬೈಯಕ್ಕೆ ಹೋಗಲಿಲ್ಲ. ಸಿಟ್ಟು ಇತ್ತು. ಈಗ್ಲೂ ಅದೆ, ಸುಳ್ಯಾಕೆ ಹೇಳ್ಲಿ. ಒಳಕ್ಕೋಗಿ ಕಾಫಿ ಮಾಡ್ಕಂಡು ಬಂದೆ. ಬಲಗೈಲಿ ಲೋಟ ನಿಲ್ತಿರಲಿಲ್ಲ, ಎಡಗೈಲೇ ಕೊಟ್ಟೆ. ಮನೆಗೆ ಬಂದೋರ್ಗೆ ಅಂಗೆ ಕೊಡಬಾರ್ದು. ಅವರು ಎದ್ದು ನಿಂತು ಎರಡು ಕೈಲೂ ಇಸ್ಕಂಡ್ರು. ಕುಡಿಯಕ್ಕಾಗಲಿಲ್ಲ ಅವ್ರಿಗೆ. ಆರೋಗೋವರ್ಗೂ ಲೋಟ ಹಿಡ್ಕಂಡೇ ಕೂತಿದ್ರು.’